ಬಿಡುವುದಾದರೆ ನಿನ್ನ ಕಾರಣಕ್ಕೇ ಬಿಡು

ಬಲ್ಮಠ, ಮಂಗಳೂರು

ಪ್ರೀತಿಯ ಶೈಲಾ,

ನಿನ್ನ ಉದ್ದದ ಮೆಸೇಜು ಓದಿದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಪಟ್ಟಿಯಿಂದ ಹೆಸರು ತೆಗೆಸುತ್ತೇನೆ, ಅಪ್ಪನಿಗೆ ನೀವೇ ಹೇಳಿ ದೊಡ್ಡಪ್ಪಾ ಅಂತ ಬರೆದಿದ್ದೀ. ಹೇಳುವ ಸಂಗತಿ ಆಮೇಲೆ. ಮೊದಲು ನೀನು ಕೊಟ್ಟ ಕಾರಣಗಳನ್ನು ನೋಡುವ. ಫೋನಿನಲ್ಲಾದರೆ ನಾನು ಒಂದು ಹೇಳುವಷ್ಟರಲ್ಲಿ ನೀನು ಹತ್ತು ಹೇಳುತ್ತೀ. ಅದಕ್ಕೇ ಈ ಕಾಗದ.

ನಿನ್ನನ್ನು ತಡೆಯಲು ಬರೆಯುತ್ತಿಲ್ಲ. ದೀಕ್ಷಾಸ್ನಾನ ಕೊಡುವಾಗ ನಿನ್ನನ್ನು ಯಾರೂ ಕೇಳಲಿಲ್ಲ. ದೃಢೀಕರಣದ ದಿನ ಕೇಳಿದರು, ನಿಜ. ಆದರೆ ಬಿಳಿ ಬಟ್ಟೆ ಹಾಕಿ ಇಡೀ ಸಭೆಯ ಎದುರು ನಿಂತ ಹುಡುಗಿ 'ಇಲ್ಲ' ಅನ್ನುವುದುಂಟಾ? ಈಗ ನೀನು ಯೋಚಿಸಿ ಹೇಳುವ ಮಾತಿಗೆ ಅದಕ್ಕಿಂತ ಜಾಸ್ತಿ ಬೆಲೆ ಇದೆ. ಯೋಚಿಸಿ ಹೇಳಿದರೆ.

ನಿನ್ನ ಮೆಸೇಜಿನಲ್ಲಿ ಮುಕ್ಕಾಲು ಪಾಲು ಚರಿತ್ರೆ. ಯಾವುದೋ ವಿಡಿಯೊ ನೋಡಿ ನೀನು ಬರೆದದ್ದು ಇಷ್ಟು: ಯೇಸು ಎಂಬ ಮನುಷ್ಯ ಇರಲೇ ಇಲ್ಲ. 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನೈಸಿಯ ಎಂಬ ಊರಿನಲ್ಲಿ ಜನ ಸೇರಿಸಿ ಬೈಬಲ್ ಮಾಡಿಸಿದ. ಕತೆಯೆಲ್ಲ ರೋಮನ್ನರ ಮಿತ್ರ ದೇವರಿಂದ ಕದ್ದದ್ದು. ಯೇಸು ಲಡಾಖ್‌ನ ಬೌದ್ಧ ಮಠದಲ್ಲಿ ಕಲಿತು ಹೋದವನು. ಮೊದಲನೆಯದೂ ಕೊನೆಯದೂ ಒಟ್ಟಿಗೆ ನಿಜ ಆಗುವುದು ಹೇಗೆ ಮಾರಾಯ್ತಿ? ಇರಲೇ ಇಲ್ಲದವ ಲಡಾಖ್‌ಗೆ ಹೋದದ್ದಾದರೂ ಹೇಗೆ?

ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿದವ. ಹಾಗಾಗಿ ಇದನ್ನು ಸಭೆಯವನಾಗಿ ಅಲ್ಲ, ಮೇಷ್ಟ್ರಾಗಿ ಹೇಳುತ್ತೇನೆ. ಮೊದಲ ತಲೆಮಾರಿನ ಪ್ರಚಾರಕ ಪೌಲನ ಪತ್ರಗಳು ಕ್ರಿ.ಶ. 50ರ ದಶಕದವು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನು ಯೆರೂಸಲೇಮಿಗೆ ಹೋಗಿ ಕೇಫನ ಜೊತೆ ಹದಿನೈದು ದಿನ ಇದ್ದೆ, ಕರ್ತನ, ಅಂದರೆ ಯೇಸುವಿನ, ತಮ್ಮ ಯಾಕೋಬನನ್ನೂ ಕಂಡೆ ಎನ್ನುತ್ತಾನೆ. ಅದೇನು ಭಕ್ತಿಯ ಪತ್ರವಲ್ಲ, ಜಗಳದ ಪತ್ರ. ಅದೇ ಕೇಫನನ್ನು, ಅಂದರೆ ಪೇತ್ರನನ್ನು, ಎಲ್ಲರೆದುರು ತರಾಟೆಗೆ ತೆಗೆದುಕೊಂಡದ್ದನ್ನೂ ಅದರಲ್ಲೇ ಬರೆದಿದ್ದಾನೆ. ಸುಮಾರು 93ರಲ್ಲಿ ಬರೆದ ಯೆಹೂದಿ ಇತಿಹಾಸಕಾರ ಜೋಸೆಫಸ್, ಕ್ರಿಸ್ತನೆನಿಸಿಕೊಂಡ ಯೇಸುವಿನ ತಮ್ಮ ಯಾಕೋಬನನ್ನು ಕೊಲ್ಲಿಸಿದ ಸಂಗತಿ ಹೇಳುತ್ತಾನೆ. ಅವನ ಪುಸ್ತಕದಲ್ಲಿ ಯೇಸುವಿನ ಬಗ್ಗೆ ಇನ್ನೊಂದು ಉದ್ದದ ಭಾಗ ಇದೆ. ಅದರಲ್ಲಿ ಆಮೇಲಿನ ಕ್ರೈಸ್ತ ನಕಲುಗಾರರ ಕೈಯಾಡಿದೆ, ಅದನ್ನು ಬದಿಗಿಡು. 116ರ ಸುಮಾರಿಗೆ ಬರೆದ ರೋಮಿನ ಟ್ಯಾಸಿಟಸ್‌ಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ಇವರ ಕ್ರಿಸ್ತನನ್ನು ರೋಮಿನ ಅಧಿಕಾರಿ ಪಿಲಾತ ಕೊಲ್ಲಿಸಿದ ಎಂದು ಅವನೂ ಬರೆದಿದ್ದಾನೆ. ಅಷ್ಟು ಹಿಂದಿನ ಒಬ್ಬ ಬಡಗಿಯ ಬಗ್ಗೆ ಇದಕ್ಕಿಂತ ಹೆಚ್ಚು ಸಾಕ್ಷಿ ಸಿಗುವುದು ಕಷ್ಟ.

ಉಳಿದದ್ದು ಬೇಗ ಮುಗಿಸುತ್ತೇನೆ. ನೈಸಿಯದಲ್ಲಿ ಜಗಳ ನಡೆದದ್ದು ಅರಿಯಸ್ ಎಂಬವನ ಬೋಧನೆಯ ಬಗ್ಗೆ: ಮಗನು ತಂದೆಗೆ ಸಮಾನನೋ ಅಲ್ಲವೋ ಎಂದು. ಬೈಬಲಿನ ಪುಸ್ತಕಗಳ ಪಟ್ಟಿ ಅಲ್ಲಿ ಆದದ್ದಲ್ಲ. ಈಗ ಹೊಸ ಒಡಂಬಡಿಕೆಯಲ್ಲಿರುವ 27 ಪುಸ್ತಕಗಳ ಪಟ್ಟಿ ಬಿಷಪ್ ಅಥನೇಶಿಯಸ್ 367ರಲ್ಲಿ ಬರೆದ ಈಸ್ಟರ್ ಪತ್ರದಲ್ಲಿ ಸಿಗುತ್ತದೆ. ಮಿತ್ರ ದೇವರು ಶಿಲ್ಪಗಳಲ್ಲಿ ಬಂಡೆಯೊಳಗಿಂದ ಎದ್ದು ಬರುತ್ತಾನೆ, ಅಲ್ಲಿ ಕನ್ಯೆಯೂ ಇಲ್ಲ ಗೋದಲಿಯೂ ಇಲ್ಲ. ಡಿಸೆಂಬರ್ 25 ಯೇಸು ಹುಟ್ಟಿದ ದಿನ ಹೌದೋ ಎಂಬ ನಿನ್ನ ಅನುಮಾನ ಮಾತ್ರ ಸುಳ್ಳಲ್ಲ, ಬೈಬಲಿನಲ್ಲಿ ಆ ತಾರೀಕೇ ಇಲ್ಲ. ಲಡಾಖ್ ಕತೆಯನ್ನು 1894ರಲ್ಲಿ ನೊಟೊವಿಚ್ ಎಂಬ ರಷ್ಯನ್ ಹಬ್ಬಿಸಿದ. ಮರುವರ್ಷವೇ ಆಗ್ರಾದ ಒಬ್ಬ ಪ್ರೊಫೆಸರ್ ಹೆಮಿಸ್ ಮಠಕ್ಕೆ ಹೋಗಿ ಕೇಳಿದರು. ಅಂಥ ಗ್ರಂಥವೇ ನಮ್ಮಲ್ಲಿಲ್ಲ ಎಂದರು ಮಠದ ಹಿರಿಯರು. ನಮ್ಮ ಕಡೆಯವರ ವಾಟ್ಸಾಪೂ ಇದಕ್ಕಿಂತ ಮೇಲೇನಲ್ಲ. ಯೇಸುವಿನ ಶವಕ್ಕೆ ಸುತ್ತಿದ್ದೆನ್ನುವ ಟ್ಯೂರಿನ್‌ನ ಹೊದಿಕೆಯ ಚಿತ್ರ ಇವತ್ತಿಗೂ ನಿನ್ನ ಅಪ್ಪನಿಂದ ನನಗೆ ಬರುತ್ತದೆ. 1988ರಲ್ಲಿ ಪರೀಕ್ಷೆ ಮಾಡಿದಾಗ ಆ ಬಟ್ಟೆ 1260ರಿಂದ 1390ರ ನಡುವಿನದು ಎಂದು ಬಂತು ಅಂತ ಹೇಳಿದರೆ ಅವನಿಗೆ ಕೇಳುವುದಿಲ್ಲ.

ಹಾಗಾದರೆ ಕಷ್ಟದ ಪ್ರಶ್ನೆಗಳು ಇಲ್ಲವೇ? ಇವೆ, ನಿನ್ನ ವಿಡಿಯೊದವರಿಗೆ ಅವು ಗೊತ್ತಿಲ್ಲ ಅಷ್ಟೆ. ಯೇಸು ಹುಟ್ಟಿದ್ದು ಅರಸ ಹೆರೋದನ ಕಾಲದಲ್ಲಿ ಎಂದು ಮತ್ತಾಯ ಬರೆಯುತ್ತಾನೆ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ. ಸಿರಿಯದ ಅಧಿಪತಿ ಕುರೇನ್ಯನ ಖಾನೇಷುಮಾರಿಯ ಹೊತ್ತಿಗೆ ಎಂದು ಲೂಕ ಬರೆಯುತ್ತಾನೆ. ಅದು ಕ್ರಿ.ಶ. 6ರಲ್ಲಿ. ಇದನ್ನು ಸರಿಮಾಡಲು ಮಾಡಿದ ಕಸರತ್ತು ಒಂದೂ ನನಗೆ ಒಪ್ಪಿಗೆಯಾಗಿಲ್ಲ. ಮಾರ್ಕನ ಸುವಾರ್ತೆ ಹಳೆಯ ದೊಡ್ಡ ಹಸ್ತಪ್ರತಿಗಳೆರಡರಲ್ಲಿ 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ. ಹೆಂಗಸರು ಹೆದರಿ ಸಮಾಧಿಯಿಂದ ಓಡಿದರು, ಯಾರಿಗೂ ಹೇಳಲಿಲ್ಲ, ಮುಗಿಯಿತು. ಹಾವು ಹಿಡಿದರೂ ವಿಷ ಕುಡಿದರೂ ಏನೂ ಆಗದು ಎಂಬ ಮಾತು ಅದರ ಮುಂದೆ ಸೇರಿದ ಭಾಗದ್ದು. ಅಮೆರಿಕದ ಗುಡ್ಡಗಾಡಿನ ಕೆಲವು ಸಭೆಗಳಲ್ಲಿ ಆ ಮಾತು ನಂಬಿ ಹಾವು ಹಿಡಿದು ಸತ್ತವರಿದ್ದಾರೆ. ಎಲ್ಲಕ್ಕಿಂತ ಕಷ್ಟದ್ದು, ಈ ಸಂತತಿ ಅಳಿದುಹೋಗುವ ಮೊದಲೇ ಇದೆಲ್ಲ ಆಗುತ್ತದೆ ಎಂದು ಯೇಸು ಹೇಳಿದ ಮಾತು. ಆ ಸಂತತಿ ಹೋಯಿತು, ಲೋಕ ಮುಗಿಯಲಿಲ್ಲ.

ಇದೆಲ್ಲ ಹೊಸದಾಗಿ ಸಿಕ್ಕ ಗುಟ್ಟೇನಲ್ಲ. ನೀನಿರುವ ಊರಿಂದ ಸ್ವಲ್ಪ ಉತ್ತರಕ್ಕೆ ಲುಡ್ವಿಗ್ಸ್‌ಬರ್ಗ್ ಇದೆಯಲ್ಲ, ಡೇವಿಡ್ ಸ್ಟ್ರಾಸ್ ಅಲ್ಲಿ ಹುಟ್ಟಿದವನು. ಸುವಾರ್ತೆಯ ಅದ್ಭುತಗಳು ನಡೆದ ಸಂಗತಿಗಳಲ್ಲ, ಬೇಕೆಂದೇ ಹೇಳಿದ ಸುಳ್ಳೂ ಅಲ್ಲ, ಕಾಯುತ್ತಿದ್ದ ಜನರ ನಡುವೆ ಬೆಳೆದ ಪುರಾಣ ಎಂದು 1835ರಲ್ಲಿ ಪುಸ್ತಕ ಬರೆದ. ಟ್ಯೂಬಿಂಗೆನ್‌ನಲ್ಲಿ ಇದ್ದ ಕೆಲಸ ಹೋಯಿತು. 1839ರಲ್ಲಿ ಜೂರಿಕ್‌ನವರು ಪ್ರೊಫೆಸರ್ ಮಾಡಲು ಹೊರಟರು. ಜನ ದಂಗೆ ಎದ್ದು ಅಲ್ಲಿಯ ಸರಕಾರವೇ ಬಿತ್ತು. ಈಗ ಇದನ್ನು ಕೇಳು. ಮಲಯಾಳಂ ನಿಘಂಟು ಮಾಡಿದ ಮಿಷನರಿ ಗುಂಡರ್ಟ್ ಇದೇ ಸ್ಟ್ರಾಸ್‌ನಿಂದ ಪಾಠ ಹೇಳಿಸಿಕೊಂಡವರು. ಅವರ ಸ್ನೇಹಿತ, 'ಮಂಗಳೂರು ಸಮಾಚಾರ' ತೆಗೆದ ನಮ್ಮ ಮೋಗ್ಲಿಂಗ್ ಸಹ ಟ್ಯೂಬಿಂಗೆನ್‌ನಲ್ಲೇ ಓದಿದವರು. ಸ್ಟ್ರಾಸ್‌ನ ಪುಸ್ತಕ ಬಂದ ಮರುವರ್ಷ, 1836ರಲ್ಲಿ, ಇಬ್ಬರೂ ಹಡಗು ಹತ್ತಿ ಈ ಕಡೆ ಬಂದರು.

ಅಂದರೆ ಆ ಸಂಶಯಗಳ ಗಾಳಿ ತಾಗದವರು ನಮಗೆ ಸುವಾರ್ತೆ ತಂದರು ಎನ್ನುವ ಹಾಗಿಲ್ಲ. ಆದರೆ ಆ ಗಾಳಿ ನಮ್ಮ ಸಂಡೇ ಸ್ಕೂಲಿಗೆ ಬೀಸಲಿಲ್ಲ. ಇವತ್ತಿಗೂ ಅಷ್ಟೆ. ಸೆಮಿನರಿಯಲ್ಲಿ ಅಯ್ಯನವರು ಇದನ್ನೆಲ್ಲ ಓದಿ ಪರೀಕ್ಷೆ ಬರೆದಿರುತ್ತಾರೆ. ಆಮೇಲೆ ಪ್ರಸಂಗಪೀಠ ಹತ್ತಿದರೆ ಮಾರ್ಕನ ಕೊನೆಯ ಬಗ್ಗೆ ಒಂದು ಮಾತು ಬರುವುದಿಲ್ಲ. ಹಿರಿಯರು ಏನಂದಾರೋ, ಸಭೆ ಒಡೆದೀತೋ ಎಂಬ ಹೆದರಿಕೆ. ಕಾಲೇಜಿಗೆ ಹೋದ ಮಕ್ಕಳು ಅದನ್ನೇ ಮೊಬೈಲಿನಲ್ಲಿ ಬೇರೆಯವರ ಬಾಯಿಂದ, ಅರ್ಧ ಸುಳ್ಳು ಬೆರೆಸಿ ಕೇಳುತ್ತಾರೆ. ಆಗ ಅವರಿಗೆ ಅನ್ನಿಸುವುದು ಬೈಬಲ್ ತಪ್ಪು ಎಂದಲ್ಲ, ನಮ್ಮವರೇ ನಮ್ಮಿಂದ ಮುಚ್ಚಿಟ್ಟರು ಎಂದು. ನಾನು ಕಂಡ ಹಾಗೆ ಸಭೆ ಬಿಟ್ಟ ಓದಿದ ಹುಡುಗರಲ್ಲಿ ಹೆಚ್ಚಿನವರು ಈ ಸಿಟ್ಟಿನಲ್ಲೇ ಬಿಟ್ಟದ್ದು. ಆ ಸಿಟ್ಟು ನ್ಯಾಯದ್ದೇ.

ಆದರೆ ಚರಿತ್ರೆ ನಿನ್ನನ್ನು ಬಾಗಿಲಿನ ಆಚೆಗೂ ದಬ್ಬುವುದಿಲ್ಲ, ಈಚೆಗೂ ಎಳೆಯುವುದಿಲ್ಲ. ಯೇಸು ಲೋಕಾಂತ್ಯ ಬೇಗ ಬರುತ್ತದೆಂದು ಕಾಯ್ದ, ಅದು ಬರಲಿಲ್ಲ ಎಂದು 1906ರಲ್ಲಿ ಗಟ್ಟಿಯಾಗಿ ಬರೆದ ಆಲ್ಬರ್ಟ್ ಶ್ವೈಟ್ಜರ್, ಡಾಕ್ಟರಿಕೆಯನ್ನೂ ಕಲಿತು 1913ರಲ್ಲಿ ಆಫ್ರಿಕದ ಲಂಬರೇನೆಗೆ ಹೋಗಿ ಆಸ್ಪತ್ರೆ ಕಟ್ಟಿದರು. ಅಮೆರಿಕದ ಬೈಬಲ್ ವಿದ್ವಾಂಸ ಬಾರ್ಟ್ ಎರ್ಮನ್ ಕಟ್ಟಾ ಸುವಾರ್ತಾವಾದಿಯಾಗಿದ್ದು, ಹಸ್ತಪ್ರತಿಗಳನ್ನು ಓದುತ್ತಾ ಓದುತ್ತಾ ಹಳೆಯ ನಂಬಿಕೆಯಿಂದ ದೂರ ಬಂದವರು. ಆದರೆ ಪೂರ್ತಿ ಬಿಟ್ಟದ್ದು ಹಸ್ತಪ್ರತಿಗಾಗಿ ಅಲ್ಲ, ಲೋಕದಲ್ಲಿ ಇಷ್ಟೊಂದು ಸಂಕಟ ಇರುವಾಗ ಒಳ್ಳೆಯ ದೇವರಿದ್ದಾನೆ ಎನ್ನಲು ಆಗಲಿಲ್ಲ ಎಂದು ಅವರೇ ಹೇಳಿದ್ದಾರೆ. ನಂಬಿಕೆ ಬಿಟ್ಟ ಮೇಲೂ, ಯೇಸು ಇದ್ದದ್ದು ನಿಜ ಎಂದು 2012ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಬಿಟ್ಟದ್ದಕ್ಕೆ ಸಮರ್ಥನೆಯಾಗಿ ಅವರಿಗೆ ಸುಳ್ಳು ಚರಿತ್ರೆ ಬೇಕಾಗಲಿಲ್ಲ.

ನಿನ್ನ ಸುತ್ತ ಬಿಡುವವರನ್ನೇ ನೋಡು. ಜರ್ಮನಿಯಲ್ಲಿ 2022ರಲ್ಲಿ ಕಥೋಲಿಕ ಸಭೆಯಿಂದ 5.2 ಲಕ್ಷ ಜನ ಹೆಸರು ತೆಗೆಸಿದರು, ಪ್ರೊಟೆಸ್ಟಂಟರಲ್ಲಿ ಸುಮಾರು 3.8 ಲಕ್ಷ. ಅವರಲ್ಲಿ ನೈಸಿಯದ ವಿಷಯಕ್ಕೆ ಬಿಟ್ಟವರು ಎಷ್ಟಿದ್ದಾರು? 2018ರ ವರದಿಯಲ್ಲಿ ಕಥೋಲಿಕ ಪಾದ್ರಿಗಳಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 3,677 ಮಕ್ಕಳ ಲೆಕ್ಕ ಸಿಕ್ಕಿತು. ನಾವು ಪ್ರೊಟೆಸ್ಟಂಟರು ಒಳಗೊಳಗೇ ಸಮಾಧಾನ ಪಟ್ಟುಕೊಂಡೆವು. 2024ರಲ್ಲಿ ನಮ್ಮ ಕಡೆಯ ವರದಿಯೂ ಬಂತು, ಕಡಿಮೆ ಎಂದರೂ 2,225 ಮಂದಿ. ಇದನ್ನು ಓದಿ ಎದ್ದು ಹೋದವರಿಗೆ ಏನು ಹೇಳುವುದು? ಸಭೆಯ ಸದಸ್ಯರು ಕಟ್ಟಬೇಕಾದ ತೆರಿಗೆ ಉಳಿಸಲು ಬಿಟ್ಟವರೂ ಬೇಕಾದಷ್ಟಿದ್ದಾರೆ. ನಿನ್ನ ರಾಜ್ಯದಲ್ಲಿ ಸಭೆಗೆ ಹೋಗುವುದು ಸಂಬಳದ ಶೇ. 8 ಅಲ್ಲ, ಆದಾಯ ತೆರಿಗೆಯ ಶೇ. 8. ಆದರೂ ತಿಂಗಳು ತಿಂಗಳು ಹೋಗುವಾಗ ಕಣ್ಣಿಗೆ ಬೀಳುತ್ತದೆ. ನಿನ್ನದೂ ಅದೇ ಕಾರಣವಾದರೆ ಅದನ್ನೇ ಹೇಳು, ಕಾನ್‌ಸ್ಟಂಟೈನನ ಮೇಲೆ ಹಾಕಬೇಡ. ನಮ್ಮ ಊರಲ್ಲಿ ಬಿಟ್ಟವರ ಕಾರಣಗಳು ಬೇರೆ: ಸಭೆಯ ಚುನಾವಣೆ, ಕೋರ್ಟು ಕೇಸು, ಜಾತಿ ಬಿಟ್ಟು ಬಂದರೂ ಮದುವೆ ಮಾತು ಬಂದಾಗ ಮತ್ತೆ ಜಾತಿ ಕೇಳಿದ್ದು.

ನಿನ್ನ ಮೆಸೇಜಿನ ಕೊನೆಗೆ ಒಂದು ಸಾಲಿದೆ. ನನ್ನ ರೂಮ್‌ಮೇಟ್ ನರಕಕ್ಕೆ ಹೋಗ್ತಾಳೆ ಅನ್ನುವ ಪ್ರಸಂಗ ಕೇಳಿಕೊಂಡು ಕೂತಿರಲು ನನ್ನಿಂದ ಆಗಲ್ಲ ಅಂತ. ಅಷ್ಟೇ, ಒಂದು ಸಾಲು. ಮೇಲಿನದೆಲ್ಲ ಎಲ್ಲಿಂದಲೋ ಎರವಲು ತಂದದ್ದು. ಇದೊಂದು ನಿನ್ನದು. ಇದನ್ನು ನೀನು ಮೊದಲ ಸಾಲಾಗಿ ಬರೆಯಬೇಕಿತ್ತು.

ಇದೇ ಮಾತು ಡಾರ್ವಿನ್‌ನನ್ನೂ ಕಾಡಿತ್ತು. ಜನ ಕೋತಿಯ ಕತೆ ಹೇಳುತ್ತಾರೆ. ಆದರೆ ಅವನು ತನ್ನ ಆತ್ಮಕತೆಯಲ್ಲಿ ಬರೆದದ್ದು ನೋಡು: ಈ ಧರ್ಮ ನಿಜವೆಂದಾದರೆ ನಂಬದವರಿಗೆಲ್ಲ, ಅಂದರೆ ತನ್ನ ಅಪ್ಪನಿಗೆ, ಅಣ್ಣನಿಗೆ, ಆಪ್ತ ಸ್ನೇಹಿತರಿಗೆ, ಕೊನೆಯಿಲ್ಲದ ಶಿಕ್ಷೆ. ಅದು ನಿಜವಾಗಲಿ ಎಂದು ಯಾರಾದರೂ ಬಯಸುವುದಾದರೂ ಹೇಗೆ ಎಂದು ಕೇಳುತ್ತಾನೆ. ಹೆಂಡತಿ ಎಮ್ಮಾ ಭಕ್ತೆ. ಅವನು ಸತ್ತ ಮೇಲೆ ಆ ಸಾಲುಗಳನ್ನು ತೆಗೆಸಿದಳು. 1887ರಲ್ಲಿ ಅಚ್ಚಾದಾಗ ಅವು ಇರಲಿಲ್ಲ, 1958ರಲ್ಲಿ ಮೊಮ್ಮಗಳು ಮತ್ತೆ ಸೇರಿಸಿದಳು.

ಈ ಪ್ರಶ್ನೆಗೆ ಸಭೆಯೊಳಗೇ ಬೇರೆ ಉತ್ತರ ಕೊಟ್ಟವರಿದ್ದಾರೆ. ಮೂರನೇ ಶತಮಾನದ ಕ್ರೈಸ್ತ ಪಂಡಿತ ಓರಿಗೆನ್, ಕೊನೆಗೆ ದೇವರು ಎಲ್ಲರನ್ನೂ ತನ್ನ ಹತ್ತಿರ ತಂದುಕೊಳ್ಳುತ್ತಾನೆ ಎಂದು ನಿರೀಕ್ಷಿಸಿದ. ನಾನು ಓರಿಗೆನ್‌ನ ಪಕ್ಷ. ಹಾಗಾಗಿಯೇ ಭಾನುವಾರ ಇನ್ನೂ ಅದೇ ಬೆಂಚಿನಲ್ಲಿ ಕೂರುತ್ತೇನೆ, ನರಕದ ಪ್ರಸಂಗ ಬಂದಾಗ ಗೀತೆ ಪುಸ್ತಕ ತೆರೆದು ಓದುತ್ತೇನೆ. ಅದು ನಿನಗೆ ಸಾಕಾಗದಿದ್ದರೆ ಸಾಕಾಗಲಿಲ್ಲ, ಅಷ್ಟೆ. ಆ ರೂಮ್‌ಮೇಟ್‌ಗಾಗಿ ನೀನು ಬಿಡುವುದಾದರೆ ನಾನು ನಿನ್ನ ಜೊತೆ ವಾದ ಮಾಡಲಾರೆ.

ಈಗ ನಿನ್ನ ಅಪ್ಪನ ವಿಷಯ. ನಾನು ಹೇಳುವುದಿಲ್ಲ, ನೀನೇ ಹೇಳಬೇಕು. ವಿಡಿಯೊ ಲಿಂಕ್ ಒಂದನ್ನೂ ಅವನಿಗೆ ಕಳಿಸಬೇಡ. ನೈಸಿಯದ ಮೇಲೆ ವಾದ ಶುರುವಾದರೆ ಅವನು ಗೆಲ್ಲುವವರೆಗೆ ಬಿಡುವವನಲ್ಲ, ನಿನ್ನ ಸಂಕಟ ಅವನ ಕಿವಿಗೇ ಬೀಳುವುದಿಲ್ಲ. ಜಾರ್ಜ್ ಎಲಿಯಟ್ ಎಂಬ ಕಾದಂಬರಿಕಾರ್ತಿಯಾಗಿ ಆಮೇಲೆ ಹೆಸರಾದ ಮೇರಿ ಆನ್ ಇವಾನ್ಸ್ 1842ರಲ್ಲಿ ಚರ್ಚಿಗೆ ಬರುವುದಿಲ್ಲ ಎಂದಾಗ ಅಪ್ಪ ಮನೆಯನ್ನೇ ಬಿಟ್ಟುಬಿಡಲು ಹೊರಟಿದ್ದ. ಕೆಲವು ತಿಂಗಳಾದ ಮೇಲೆ ರಾಜಿ ಆಯಿತು. ಅವಳು ಅಪ್ಪನ ಜೊತೆ ಚರ್ಚಿಗೆ ಹೋಗುವುದು, ಒಳಗೆ ಕೂತು ಏನು ಬೇಕಾದರೂ ಯೋಚಿಸುವುದು. ಸ್ಟ್ರಾಸ್‌ನ ಅದೇ ಪುಸ್ತಕವನ್ನು 1846ರಲ್ಲಿ ಇಂಗ್ಲಿಷಿಗೆ ತಂದವಳೂ ಅವಳೇ. ಆಗಲೂ ಅಪ್ಪನ ಮನೆಯಲ್ಲೇ ಇದ್ದಳು, 1849ರಲ್ಲಿ ಅವನು ಸಾಯುವವರೆಗೆ ನೋಡಿಕೊಂಡಳು. ನೀನೂ ಕ್ರಿಸ್ಮಸ್‌ಗೆ ಬಂದಾಗ ಅಮ್ಮನ ಪಕ್ಕ ಕೂತು ಹಾಡಿದರೆ ಅದು ಕಪಟ ಎಂದು ನಾನು ಎಣಿಸುವುದಿಲ್ಲ. ಬೇಡವೆಂದರೆ ಮನೆಯಲ್ಲಿ ಕುಸ್ವಾರ್ ತಿಂಡಿಯ ತಟ್ಟೆ ಜೋಡಿಸುತ್ತಾ ಇರು.

ಆಸ್ತಿಯಲ್ಲಿ ಪಾಲು ಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡ. ಧರ್ಮ ಬಿಟ್ಟ ಕಾರಣಕ್ಕೆ ಹಕ್ಕು ಹೋಗಬಾರದು ಎಂದು 1850ರಲ್ಲೇ ಕಾನೂನು ಮಾಡಿದ್ದರು. ಮದುವೆಗೆ 1954ರ ವಿಶೇಷ ವಿವಾಹ ಕಾಯಿದೆ ಇದೆ, ಯಾವ ಸಭೆಯ ಸರ್ಟಿಫಿಕೇಟೂ ಬೇಡ. ಇಲ್ಲಿಯ ಸಭೆಯ ಪುಸ್ತಕದಲ್ಲಿರುವ ನಿನ್ನ ಹೆಸರು ಅಲ್ಲಿಯ ಫಾರ್ಮ್‌ನಿಂದ ತಾನಾಗಿ ಅಳಿಯುವುದಿಲ್ಲ. ಅದರ ಬಗ್ಗೆ ಈಗಲೇ ಏನೂ ಮಾಡಬೇಡ. ಅಮ್ಮನ ಹತ್ತಿರ ಒಮ್ಮೆ ಮಾತಾಡು, ಅವಳು ನೀನೆಣಿಸಿದ್ದಕ್ಕಿಂತ ಗಟ್ಟಿ.

ಫಾರ್ಮ್‌ಗೆ ಸಹಿ ಹಾಕುವ ಮೊದಲು ಅಪ್ಪನಿಗೆ ಫೋನ್ ಮಾಡು, ಹಾಕಿದ ಮೇಲೆ ಅಲ್ಲ. ಭಾನುವಾರ ಬೇಡ. ಶನಿವಾರ ಮಧ್ಯಾಹ್ನ ಮಲಗಿ ಎದ್ದು ಚಾ ಕುಡಿಯುವ ಹೊತ್ತು ಅವನಿಗೆ ತಾಳ್ಮೆ ಇರುತ್ತದೆ. ಯಾವ ಶನಿವಾರ ಅಂತ ನನಗೆ ಮೊದಲೇ ತಿಳಿಸು, ನಾನು ಅಲ್ಲೇ ಬಂದು ಕೂತಿರುತ್ತೇನೆ. ರೂಮ್‌ಮೇಟ್‌ನ ಮಾತಿನಿಂದಲೇ ಶುರುಮಾಡು.

ಇಂತಿ ನಿನ್ನ
ದೊಡ್ಡಪ್ಪ