ಈ ವಾರದ ಹಂಚಿಕೆಯ ಕುರಿತು

ಗುಂಪಿನ ಎಲ್ಲ ಸದಸ್ಯರಿಗೆ ವಂದನೆಗಳು. ಬೇರೆಡೆಯಿಂದ ಬಂದ ಸಂದೇಶಗಳನ್ನು ಹಾಗೆಯೇ ರವಾನಿಸುವ ಬದಲು, ಈ ವಾರ ಪ್ರತಿಯೊಬ್ಬರೂ ತಾವು ಕಣ್ಣಾರೆ ಕಂಡ ಒಂದು ಸಣ್ಣ ಸಂಗತಿಯನ್ನೂ ಅದು ನೆನಪಿಸಿದ ಬೈಬಲಿನ ಒಂದು ವಚನವನ್ನೂ ಬರೆಯಬೇಕೆಂದು ಕೋರುತ್ತೇನೆ.

ಎಲೆ ಉದುರುವ ಕಾಲದಲ್ಲಿ ಒಂದು ರೆಂಬೆಯನ್ನು ಹತ್ತಿರದಿಂದ ನೋಡಿ. ಹಣ್ಣೆಲೆಯನ್ನು ಗಾಳಿಯೇ ಕಿತ್ತೊಯ್ಯುತ್ತದೆಂದು ನಾವು ತಿಳಿಯುತ್ತೇವೆ; ವಾಸ್ತವದಲ್ಲಿ ತೊಟ್ಟಿನ ಬುಡದಲ್ಲಿ ಮರವೇ ತೆಳುವಾದ ಪದರವೊಂದನ್ನು ಕಟ್ಟಿ ಎಲೆಯನ್ನು ಬಿಟ್ಟುಕೊಡುತ್ತದೆ, ಮತ್ತು ಇಂಥ ಬಹಳಷ್ಟು ಮರಗಳಲ್ಲಿ ಆ ಗಾಯದ ಗುರುತಿನ ತುಸು ಮೇಲೆ ಮುಂದಿನ ಋತುವಿನ ಪುಟ್ಟ ಮೊಗ್ಗು ಎಲೆ ಬೀಳುವ ಮೊದಲೇ ಸಿದ್ಧವಾಗಿರುತ್ತದೆ. ಅದನ್ನು ಕಂಡ ಮೇಲೆ, ಗೋಧಿಯ ಕಾಳು ನೆಲಕ್ಕೆ ಬಿದ್ದು ಸತ್ತರೆ ಬಹಳ ಫಲ ಕೊಡುವುದೆಂಬ ಯೋಹಾನ 12:24ರ ಮಾತು ನನಗೆ ಬರಿಯ ಅಂತ್ಯಕ್ರಿಯೆಯ ವಾಚನವಾಗಿ ಉಳಿಯಲಿಲ್ಲ.

ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳ ಪೈಕಿ ಮಾರ್ಕನಲ್ಲಿ ಮಾತ್ರ ಸಿಗುವ ಒಂದು ಸಾಮ್ಯವೂ, ಅಂದರೆ ದೃಷ್ಟಾಂತ ಕಥೆಯೂ (4:26–29) ಇಲ್ಲಿಗೆ ಒಪ್ಪುತ್ತದೆ: ಬಿತ್ತಿದವನು ಮಲಗಿ ಏಳುತ್ತಿರುವಾಗ, ಅವನಿಗೆ ತಿಳಿಯದ ರೀತಿಯಲ್ಲಿ ಬೀಜ ಮೊಳೆತು ಬೆಳೆಯುತ್ತದೆ. ಮಕ್ಕಳ ವಿಷಯದಲ್ಲಿ ದಿನಕ್ಕೆ ಹತ್ತು ಬಾರಿ ಮಣ್ಣು ಕೆದಕಿ ನೋಡುವ ನನ್ನಂಥವರಿಗೆ ಇದು ಕೊಂಚ ಚುಚ್ಚುತ್ತದೆ.

ಋತುವಿನ ವಿಷಯವೇ ಆಗಬೇಕೆಂದಿಲ್ಲ. ಪಾತ್ರೆ ತೊಳೆಯುವಾಗಲೋ ಸರದಿಯಲ್ಲಿ ಕಾಯುವಾಗಲೋ ಹೊಳೆದದ್ದೂ ಸಾಕು. ಆದರೆ ಕಂಡದ್ದಕ್ಕೆಲ್ಲ ಪಾಠ ಅಂಟಿಸಬೇಡಿ, ಅದರಲ್ಲೂ ಇನ್ನೊಬ್ಬರ ದುಃಖಕ್ಕೆ. ಬರಹ ಐದಾರು ಸಾಲು ಮೀರದೆ, ಶನಿವಾರ ರಾತ್ರಿಯೊಳಗೆ ಗುಂಪಿಗೆ ತಲುಪಲಿ.