ನಾಲ್ಕೇ ದನಿಗಳಿದ್ದರೂ ಮಿಕ್ಸಿಂಗ್ ಇದೆ

ಮಾನ್ಯ ಸಂಪಾದಕರೇ,

ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಗಳಿಂದ ಸಂಗೀತ ಹೊರಡಿಸುವವರ ಕುರಿತು ತಮ್ಮ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ಯಂತ್ರಗಳ ಧ್ವನಿ ಚಿಪ್‌ನಿಂದ ಹೊರಡುವ ಈ ಚಿಪ್‌ಟ್ಯೂನ್ ಸಂಗೀತಕ್ಕೆ ಪತ್ರಿಕೆ ಇಷ್ಟು ಜಾಗ ಕೊಟ್ಟದ್ದು ಸಂತೋಷದ ಸಂಗತಿ. ಆದರೆ ಲೇಖನದ ಎರಡು ಮಾತುಗಳನ್ನು ಒಪ್ಪುವುದು ನನಗೆ ಸಾಧ್ಯವಾಗಲಿಲ್ಲ. ಈ ಸಂಗೀತದ ಆಕರ್ಷಣೆಯೆಲ್ಲ ಬಾಲ್ಯದ ನೆನಪಿನದು ಎಂಬುದು ಒಂದು; ಇರುವುದು ನಾಲ್ಕೇ ದನಿಗಳಾದ್ದರಿಂದ ಇಲ್ಲಿ ಮಿಕ್ಸಿಂಗ್, ಅಂದರೆ ದನಿಗಳನ್ನು ಏರಿಳಿಸಿ ಒಂದಕ್ಕೊಂದು ಹೊಂದಿಸುವ ಕೆಲಸಕ್ಕೆ ಆಸ್ಪದವೇ ಇಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೆಚ್ಚು ಉತ್ತರ ಬೇಕಿಲ್ಲ. ಇಂಥ ಕೈಯಂತ್ರಗಳಲ್ಲಿ ಒಂದಾದ ನಿಂಟೆಂಡೊದ ಗೇಮ್ ಬಾಯ್ ಮಾರುಕಟ್ಟೆಗೆ ಬಂದ 1989ರಲ್ಲಿ ಇನ್ನೂ ಹುಟ್ಟಿಯೇ ಇರದಿದ್ದವರು ಕೂಡ ಅದರಲ್ಲಿ ಸಂಗೀತ ರಚಿಸುತ್ತಿದ್ದಾರೆ ಎಂದಷ್ಟೇ ಹೇಳಬಹುದು. ಎರಡನೆಯ ಮಾತು ಮಾತ್ರ ತಾಂತ್ರಿಕವಾಗಿಯೇ ತಪ್ಪು. ಸ್ಟುಡಿಯೊದಲ್ಲಿ ಹಾಡು ಮುಗಿದ ಮೇಲೆ ಶುರುವಾಗುವ ಈ ಕೆಲಸವನ್ನು ಚಿಪ್‌ಟ್ಯೂನ್ ರಚಿಸುವವರು ಸ್ವರ ಬರೆಯುತ್ತ ಬರೆಯುತ್ತಲೇ ಮಾಡಬೇಕಾಗುತ್ತದೆ. ಆ ಹೊತ್ತಿನಲ್ಲಿ ಕೆಟ್ಟದ್ದನ್ನು ಆಮೇಲೆ ಯಾವ ಉಪಕರಣದಿಂದಲೂ ಸರಿಪಡಿಸಲು ಬಾರದು.

ಅದು ಏಕೆ ಹಾಗೆ ಎಂಬುದು ಯಂತ್ರದ ರಚನೆಯಿಂದ ತಿಳಿಯುತ್ತದೆ. ಗೇಮ್ ಬಾಯ್‌ನಲ್ಲಿ ಎರಡು ಪಲ್ಸ್ (ಚೌಕಾಕಾರದ ತರಂಗ), ಒಂದು ವೇವ್, ಒಂದು ನಾಯ್ಸ್ (ಶ್ರುತಿಯಿಲ್ಲದ ಸದ್ದು) ಹೀಗೆ ನಾಲ್ಕು ಚಾನೆಲ್‌ಗಳು, ಅಂದರೆ ನಾಲ್ಕು ದನಿಗಳಿವೆ, ಮತ್ತು ಒಂದು ಚಾನೆಲ್ ಒಮ್ಮೆಗೆ ಒಂದೇ ಸ್ವರವನ್ನು ನುಡಿಯಬಲ್ಲದು. ಪಲ್ಸ್ ಚಾನೆಲ್‌ಗೆ ಶೇ 12.5, 25, 50 ಮತ್ತು 75 ಎಂಬ ನಾಲ್ಕು ಡ್ಯೂಟಿಗಳು, ಅಂದರೆ ತರಂಗ ಒಂದು ಸುತ್ತಿನ ಎಷ್ಟು ಪಾಲು ಮೇಲಿರಬೇಕೆಂಬ ಅಳತೆಗಳು ಇದ್ದರೂ 25 ಮತ್ತು 75 ಕಿವಿಗೆ ಒಂದೇ ಆಗಿ ಕೇಳಿಸುವುದರಿಂದ ನಿಜಕ್ಕೂ ಸಿಗುವ ನಾದಗಳು ಮೂರೇ. ವೇವ್ ಚಾನೆಲ್‌ನಲ್ಲಿ 32 ಬಿಂದುಗಳ ಒಂದು ತರಂಗವನ್ನು ನಾವೇ ರೂಪಿಸಬಹುದು; ಪ್ರತಿ ಬಿಂದುವನ್ನೂ 16 ಎತ್ತರಗಳಲ್ಲಿ ಒಂದರಲ್ಲಿ ಇಡಬಹುದು. ಪಲ್ಸ್ ಮತ್ತು ನಾಯ್ಸ್ ಚಾನೆಲ್‌ಗಳ ಧ್ವನಿಮಟ್ಟಕ್ಕೆ 16 ಮೆಟ್ಟಿಲುಗಳಿವೆ. ವೇವ್ ಚಾನೆಲ್‌ಗಾದರೋ ಪೂರ್ಣ, ಅರ್ಧ, ಕಾಲು, ಮೌನ ಎಂಬ ನಾಲ್ಕು ಮೆಟ್ಟಿಲುಗಳನ್ನು ಬಿಟ್ಟರೆ ಬೇರೆ ಇಲ್ಲ. ಮಿಕ್ಸಿಂಗ್‌ನ ಬಹುಪಾಲು ತೊಡಕು ಈ ಕೊನೆಯ ಸಂಗತಿಯಿಂದಲೇ ಹುಟ್ಟುತ್ತದೆ ಎಂಬುದು ನನ್ನ ಅನುಭವ.

ಪಲ್ಸ್ ಚಾನೆಲ್ 64 ಹರ್ಟ್ಸ್‌ಗಿಂತ ಕೆಳಗಿಳಿಯಲಾರದು. ವೇವ್ ಚಾನೆಲ್ 32 ಹರ್ಟ್ಸ್‌ವರೆಗೆ ಇಳಿಯುತ್ತದೆ. ಆದ್ದರಿಂದ ಬಾಸ್ ಭಾಗ ಸಹಜವಾಗಿಯೇ ವೇವ್ ಚಾನೆಲ್‌ಗೆ ಹೋಗುತ್ತದೆ. ಇಡೀ ಹಾಡಿನ ಭಾರ ಹೊರುವ ಆ ದನಿಯನ್ನು ಒಂದಿಷ್ಟೇ ತಗ್ಗಿಸೋಣವೆಂದರೆ ಯಂತ್ರ ಬಿಡುವುದಿಲ್ಲ, ತಗ್ಗಿಸಿದರೆ ಒಮ್ಮೆಗೇ ಅರ್ಧಕ್ಕೆ ಇಳಿದುಬಿಡುತ್ತದೆ. ಹೀಗಾಗಿ ಅನುಭವಿಗಳು ಮೊದಲು ಬಾಸ್ ದನಿಯನ್ನು ನಿಲ್ಲಿಸಿಕೊಂಡು ಉಳಿದ ಮೂರನ್ನು ಅದಕ್ಕೆ ಹೊಂದುವಂತೆ ಏರಿಳಿಸುತ್ತಾರೆ. ಇನ್ನೂ ಸೂಕ್ಷ್ಮವಾದ ದಾರಿಯೊಂದಿದೆ: ಧ್ವನಿಮಟ್ಟವನ್ನು ಪೂರ್ಣವಾಗಿಯೇ ಇಟ್ಟು, ತರಂಗವನ್ನು ಹದಿನಾರರ ಬದಲು ಹತ್ತೋ ಹನ್ನೆರಡೋ ಎತ್ತರಗಳೊಳಗೆ ಗಿಡ್ಡವಾಗಿ ಬಿಡಿಸುವುದು. ಆಗ ಯಂತ್ರದಲ್ಲಿ ಇಲ್ಲದ ನಡುವಿನ ಮೆಟ್ಟಿಲು ನಮ್ಮ ಕೈಯಿಂದಲೇ ಸಿದ್ಧವಾಗುತ್ತದೆ. ಇದನ್ನು ಮಿಕ್ಸಿಂಗ್ ಎನ್ನದೆ ಬೇರೇನೆನ್ನಬೇಕು?

ಗೇಮ್ ಬಾಯ್ ಅನ್ನು ವಾದ್ಯವಾಗಿಸಿದ ತಂತ್ರಾಂಶಗಳಲ್ಲಿ ಎರಡು ಮುಖ್ಯವಾದವು: ಜರ್ಮನಿಯ ಆಲಿವರ್ ವಿಟ್ಚೋ 1998ರಲ್ಲಿ ರೂಪಿಸಿದ ನ್ಯಾನೋಲೂಪ್ ಮತ್ತು ಸ್ವೀಡನ್ನಿನ ಯೋಹಾನ್ ಕೋಟ್ಲಿನ್ಸ್ಕಿ 2000ದಲ್ಲಿ ಹೊರತಂದ ಲಿಟ್ಲ್ ಸೌಂಡ್ ಡಿಜೆ, ಅಂದರೆ ಬಳಕೆದಾರರೆಲ್ಲ ಎಲ್‌ಎಸ್‌ಡಿಜೆ ಎಂದು ಕರೆಯುವ, ಸ್ವರಗಳನ್ನು ಸಾಲುಸಾಲಾಗಿ ಬರೆಯುವ ಟ್ರ್ಯಾಕರ್. ಎರಡನೆಯದರ ಒಂದು ಫ್ರೇಸ್‌ನಲ್ಲಿ, ಅಂದರೆ ಹಾಡಿನ ಒಂದು ತುಣುಕಿನಲ್ಲಿ 16 ಸಾಲುಗಳಿರುತ್ತವೆ. ಪ್ರತಿ ಸಾಲಿನಲ್ಲೂ ಸ್ವರ, ವಾದ್ಯ ಮತ್ತು ಒಂದು ಆಜ್ಞೆಗೆ ಜಾಗವಿದೆ. ವೇವ್ ಚಾನೆಲ್‌ನ ಮೊದಲ ಸಾಲಿನಲ್ಲಿ ಎತ್ತರದ ಸ್ವರವೊಂದನ್ನಿಟ್ಟು, ಪಿ ಆಜ್ಞೆಯಿಂದ ಅದರ ಶ್ರುತಿಯನ್ನು ಥಟ್ಟನೆ ಕೆಳಕ್ಕೆ ಜಾರಿಸಿದರೆ ಡ್ರಮ್ಮಿನ ಗಟ್ಟಿ ಪೆಟ್ಟು ಸಿಗುತ್ತದೆ. ಎರಡು ಸಾಲು ಬಿಟ್ಟು ಅದೇ ಚಾನೆಲ್‌ನಲ್ಲಿ ಬಾಸ್ ಸ್ವರ ಬರೆದರೆ ಅದು ಪೆಟ್ಟಿನ ಬಾಲವನ್ನು ಕತ್ತರಿಸಿ ತಾನು ಶುರುವಾಗುತ್ತದೆ. ಸ್ಟುಡಿಯೊದಲ್ಲಿ ಡ್ರಮ್ಮಿಗೆ ಜಾಗ ಬಿಡುವಂತೆ ಬಾಸ್ ಅನ್ನು ಕ್ಷಣಕಾಲ ಅದುಮಲು ಕಂಪ್ರೆಸರ್ ಬೇಕಾಗುತ್ತದೆ. ಇಲ್ಲಿ ಎರಡೂ ಒಂದೇ ಚಾನೆಲ್ ಹಂಚಿಕೊಂಡಿರುವುದರಿಂದ ಅವು ಎಂದೂ ಒಂದರ ಮೇಲೊಂದು ಬೀಳುವುದೇ ಇಲ್ಲ. ಕೊರತೆಯೆಂದು ಲೇಖಕರು ಎಣಿಸಿದ್ದು ಇಲ್ಲಿ ಅನುಕೂಲವಾಗಿದೆ. ಆದರೆ ಪೆಟ್ಟು ಯಾವ ಸಾಲಿನವರೆಗೆ ಉಳಿಯಬೇಕು, ಬಾಸ್ ಎಲ್ಲಿಂದ ಮೇಲೇಳಬೇಕು ಎಂಬುದನ್ನು ಕಿವಿಗೊಟ್ಟು ತೀರ್ಮಾನಿಸಬೇಕಾದವರು ರಚನಕಾರರು. ಒಂದು ಸಾಲು ಆಚೀಚೆಯಾದರೂ ಲಯದ ಬಿಗಿ ಸಡಿಲವಾಗುತ್ತದೆ.

ಪಲ್ಸ್ ಚಾನೆಲ್‌ಗಳ ಕಥೆಯೂ ಇಂಥದ್ದೇ. ಸ್ವರದ ಧ್ವನಿಮಟ್ಟ ಹೇಗೆ ಸಾಗಬೇಕೆಂದು ಹೇಳುವ ಎನ್ವಲಪ್‌ನಲ್ಲಿ ಎ8 ಎಂದು (ಇಲ್ಲಿ ಎ ಎಂದರೆ ಹತ್ತು) ಬರೆದರೆ ಸ್ವರ ಹತ್ತನೆಯ ಮೆಟ್ಟಿಲಲ್ಲಿ ಸ್ಥಿರವಾಗಿ ನಿಲ್ಲುತ್ತದೆ, ಎ3 ಎಂದರೆ ಅಲ್ಲಿಂದಲೇ ಹೊರಟು ಕರಗುತ್ತ ಹೋಗುತ್ತದೆ. ಮೊದಲ ಪಲ್ಸ್‌ನ ರಾಗವನ್ನೇ ಎರಡನೆಯದರಲ್ಲಿ ಮೂರು ಸಾಲು ತಡವಾಗಿ, 43 ಎಂಬ ಎನ್ವಲಪ್‌ನ ಮೆಲುದನಿಯಲ್ಲಿ ಬರೆದರೆ ಪ್ರತಿಧ್ವನಿ ಸಿದ್ಧ. ಆದರೆ ಅಷ್ಟು ಹೊತ್ತು ಎರಡನೆಯ ಪಲ್ಸ್ ಬೇರೆ ಕೆಲಸಕ್ಕೆ ಸಿಗುವುದಿಲ್ಲ. ಪ್ರತಿಧ್ವನಿ ಬೇಕೋ, ಜೊತೆಸ್ವರ ಬೇಕೋ, ಮೂರು ಸ್ವರಗಳನ್ನು ಸೆಕೆಂಡಿಗೆ ಹತ್ತಾರು ಬಾರಿ ಸರಸರನೆ ತಿರುಗಿಸಿ ಸ್ವರಮೇಳದ ಭಾಸ ಹುಟ್ಟಿಸುವ ಆರ್ಪೆಜಿಯೊ ಬೇಕೋ ಎಂದು ಹಾಡಿನ ಪ್ರತಿ ತಿರುವಿನಲ್ಲೂ ಆರಿಸಬೇಕು. ನಾನಂತೂ ರಾಗ ಉಸಿರು ತೆಗೆದುಕೊಳ್ಳುವ ಬಿಡುವುಗಳಲ್ಲಿ ಮಾತ್ರ ಪ್ರತಿಧ್ವನಿಯನ್ನು ತುಂಬುತ್ತೇನೆ. ಎರಡು ಪಲ್ಸ್‌ಗಳಿಗೂ ಒಂದೇ ಡ್ಯೂಟಿ ಕೊಟ್ಟರೆ ಒಂದು ಇನ್ನೊಂದನ್ನು ನುಂಗುವುದರಿಂದ, ರಾಗಕ್ಕೆ 50ರ ತುಂಬುದನಿ ಕೊಟ್ಟಾಗ ಜೊತೆಗೆ 12.5ರ ತೆಳುದನಿ ಇಡುವುದು ಒಳ್ಳೆಯದು. ದನಿಯ ತಗ್ಗು-ಎತ್ತರದ ಭಾಗಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಈಕ್ವಲೈಸರ್‌ನ ಕೆಲಸದ ಅರ್ಧವನ್ನು ಈ ಒಂದು ಆಯ್ಕೆಯೇ ಮಾಡಿಬಿಡುತ್ತದೆ.

ದನಿಗಳನ್ನು ಎಡಬಲಕ್ಕೆ ಹಂಚುವುದರಲ್ಲಿ ಯಂತ್ರ ಇನ್ನೂ ಕಠಿಣ. ಒಂದು ಚಾನೆಲ್ ಪೂರ್ತಿ ಎಡಕ್ಕಿರಬೇಕು, ಇಲ್ಲವೇ ಪೂರ್ತಿ ಬಲಕ್ಕೆ, ಇಲ್ಲವೇ ಎರಡೂ ಕಡೆಗೆ, ನಡುವಿನ ಸ್ಥಾನಗಳಿಲ್ಲ. ಯಂತ್ರದ ಸ್ವಂತ ಸ್ಪೀಕರ್‌ನಲ್ಲಿ ಈ ಹಂಚಿಕೆ ಕೇಳಿಸುವುದೂ ಇಲ್ಲ, ಹೆಡ್‌ಫೋನ್‌ನಲ್ಲಿ ಮಾತ್ರ ತಿಳಿಯುತ್ತದೆ. ಮುಖ್ಯ ರಾಗವನ್ನು ಹೀಗೆ ಒಂದು ಬದಿಗೆ ತಳ್ಳಿದ ರಚನೆಗಳನ್ನು ಹೆಡ್‌ಫೋನ್‌ನಲ್ಲಿ ಬಹಳ ಹೊತ್ತು ಕೇಳಲಾಗದು. ಬಾಸ್ ಮತ್ತು ರಾಗ ನಡುವೆಯೇ ಇರಲಿ, ಓಡಾಟವೆಲ್ಲ ಪ್ರತಿಧ್ವನಿಗೆ ಮತ್ತು ನಾಯ್ಸ್‌ಗೆ ಮೀಸಲಾಗಿರಲಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹೊರಗಿನ ಮಿಕ್ಸರ್‌ಗೆ ಕೆಲಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಲಿಂಕ್ ಕೇಬಲ್‌ನಿಂದ ಎರಡು ಗೇಮ್ ಬಾಯ್‌ಗಳನ್ನು ಜೋಡಿಸಿ, ಒಂದರ ಲಯಕ್ಕೆ ಇನ್ನೊಂದು ನಡೆಯುವಂತೆ ಮಾಡಿದರೆ ಎಂಟು ದನಿಗಳಾಗುತ್ತವೆ. ಆಗ ಎರಡನ್ನೂ ಬೇರೆ ಬೇರೆಯಾಗಿ ಮಿಕ್ಸರ್‌ಗೆ ತಂದು ಒಂದರ ಬಾಸ್ ಉಳಿಸಿ ಇನ್ನೊಂದರದ್ದನ್ನು ತಗ್ಗಿಸುವುದು ಅಗತ್ಯ. ಹೆಡ್‌ಫೋನ್ ತೂತಿನಿಂದ ಬರುವ ದನಿಯಲ್ಲಿ ಯಂತ್ರದ ಗುಂಯ್‌ಗುಡುವಿಕೆಯೂ ಸೇರಿರುತ್ತದೆ. ಅದಕ್ಕಾಗಿ ಹಲವರು ಯಂತ್ರವನ್ನು ಬಿಚ್ಚಿ, ಒಳಗಿನ ಆಂಪ್ಲಿಫೈಯರ್‌ಗಿಂತ ಮೊದಲೇ ದನಿಯನ್ನು ಹೊರಗೆಳೆಯುವ ಪ್ರೊಸೌಂಡ್ ಎಂಬ ಬದಲಾವಣೆ ಮಾಡಿಕೊಳ್ಳುತ್ತಾರೆ. ಇಷ್ಟಾದ ಮೇಲೆ ರೆಕಾರ್ಡಿಂಗ್‌ನಲ್ಲಿ ತೀರಾ ಮೇಲಿನ ಚೂಪನ್ನು ತುಸು ಮೆದುಗೊಳಿಸಿದರೆ ಸಾಕು. ಚೌಕಾಕಾರದ ತರಂಗ ಮೊದಲೇ ಸಮತಟ್ಟಾದದ್ದು. ಅದರ ಮೇಲೆ ಕಂಪ್ರೆಸರ್ ಹೇರಿ, ರಿವರ್ಬ್ ಎಂಬ ಕೃತಕ ಅನುರಣನ ಸುರಿದು ದೊಡ್ಡದಾಗಿ ಕೇಳಿಸಲು ಹೊರಟರೆ ರಚನಕಾರರು ಸಾಲುಸಾಲಾಗಿ ಬಿಟ್ಟಿದ್ದ ಬಿಡುವುಗಳೆಲ್ಲ ಮುಚ್ಚಿಹೋಗುತ್ತವೆ. ಈಚಿನ ಅನೇಕ ರೆಕಾರ್ಡಿಂಗ್‌ಗಳು ಹೀಗೆ ಕೆಟ್ಟಿರುವುದನ್ನು ಕೇಳಿ ನಿಜಕ್ಕೂ ಬೇಸರವಾಗಿದೆ.

ಪತ್ರಿಕೆಯಲ್ಲಿ ನನ್ನದೊಂದು ಕೋರಿಕೆ. ಚಿಪ್‌ಟ್ಯೂನ್ ಕುರಿತು ಮುಂದೆ ಬರೆಸುವಾಗ ಯಂತ್ರದ ಹಳಮೆಯನ್ನು ಬದಿಗಿಟ್ಟು, ಒಂದು ರಚನೆಯನ್ನು ಆರಿಸಿಕೊಂಡು ಅದರ ನಾಲ್ಕು ಚಾನೆಲ್‌ಗಳಲ್ಲಿ ಏನೇನು ನಡೆಯುತ್ತಿದೆ ಎಂದು ರಚಿಸಿದವರಿಂದಲೇ ವಿವರಿಸಿ ಬರೆಸಿ. ಎಲ್‌ಎಸ್‌ಡಿಜೆಯಲ್ಲಿ ಒಂದೊಂದೇ ಚಾನೆಲ್ ಅನ್ನು ಮೌನವಾಗಿಸಿ ಉಳಿದವನ್ನು ಕೇಳಲು ಸಾಧ್ಯವಿರುವುದರಿಂದ ಅಂಥ ವಿವರಣೆ ಕಷ್ಟವೇನಲ್ಲ. ವಿಮರ್ಶಕರೂ ಬರೆಯುವ ಮುನ್ನ ಒಮ್ಮೆ ಸ್ಪೀಕರ್‌ನಲ್ಲಿ, ಒಮ್ಮೆ ಹೆಡ್‌ಫೋನ್‌ನಲ್ಲಿ ಆ ರಚನೆಯನ್ನು ಕೇಳಬೇಕೆಂದು ವಿನಂತಿಸುತ್ತೇನೆ.

ಇಂತಿ,
ಚಿಪ್‌ಟ್ಯೂನ್ ರಚನೆಯಲ್ಲಿ ತೊಡಗಿರುವ ತಮ್ಮ ಓದುಗ