ಇದು ಭತ್ತದ ಲೆವಿ ಅಲ್ಲ ಅಪ್ಪ

ಬಾತೆಲ್, ವಾಷಿಂಗ್ಟನ್ ರಾಜ್ಯ
ಫೆಬ್ರವರಿ ಮೊದಲ ವಾರ

ಅಪ್ಪ ಅಮ್ಮನಿಗೆ ನಮಸ್ಕಾರ. ನಾವೆಲ್ಲ ಕ್ಷೇಮ.

ಮೊನ್ನೆ ಫೋನಿನಲ್ಲಿ ‘ಶಾಲೆ ಲೆವಿ’ ಅಂದ ಕೂಡಲೇ ಅಪ್ಪ, ನಿಮ್ಮ ದನಿಯೇ ಬದಲಾಯಿತು. ಅಧಿಕಾರಿಗಳು ಬಂದು ಭತ್ತ ಅಳೆಸಿಕೊಂಡು ಹೋಗುತ್ತಿದ್ದ ಕಾಲ ನೆನಪಾಗಿರಬೇಕು. ಇದು ಆ ಲೆವಿ ಅಲ್ಲ, ಶಾಲೆಗೆಂದು ಊರಿನವರು ಮನೆ ತೆರಿಗೆಯ ಜೊತೆ ಕೊಡುವ ದುಡ್ಡು.

ಇಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ. 2012ರಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟ್, ಮೂಲ ಶಿಕ್ಷಣಕ್ಕೆ ಸಾಕಾಗುವಷ್ಟು ಹಣವನ್ನು ರಾಜ್ಯವೇ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಆದರೆ ಮೂಲ ಅಂದರೆ ಎಷ್ಟು? ರಾಜ್ಯದ ಲೆಕ್ಕದಲ್ಲಿ ಒಂದು ಪ್ರೈಮರಿ ಶಾಲೆಗೆ ಒಬ್ಬ ನರ್ಸಿನ ಪೂರ್ತಿ ಸಂಬಳವೂ ಬರುವುದಿಲ್ಲ. ಮಕ್ಕಳಿಗೆ ಜ್ವರ ಮಾತ್ರ ಪೂರ್ತಿಯೇ ಬರುತ್ತದೆ! ನರ್ಸು, ಕೌನ್ಸೆಲರ್, ಆಟ, ನಾಟಕ, ಸಂಗೀತ, ವಿಶೇಷ ಮಕ್ಕಳ ಜೊತೆ ಕೂರುವ ಸಹಾಯಕರು, ಇವರಿಗೆಲ್ಲ ಕಡಿಮೆ ಬೀಳುವ ದುಡ್ಡನ್ನು ಊರಿನವರೇ ಮನೆ ತೆರಿಗೆಯಲ್ಲಿ ಕೊಡುತ್ತಾರೆ. ಪುಟ್ಟಿಯ ಪಿಟೀಲು ಕ್ಲಾಸು ನಿಂತಿರುವುದೂ ಈ ದುಡ್ಡಿನ ಮೇಲೆಯೇ.

ನೀವು ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುತ್ತೀರಲ್ಲ, ಹೆಚ್ಚುಕಮ್ಮಿ ಹಾಗೆ. ನಿಮ್ಮನ್ನು ಯಾರೂ ಕೇಳಿ ಹಾಕುವುದಿಲ್ಲ, ಇಲ್ಲಿ ವೋಟಿಗೆ ಇಡುತ್ತಾರೆ. ಈ ಲೆವಿ ಹೆಚ್ಚೆಂದರೆ 4 ವರ್ಷ, ಆಮೇಲೆ ಮತ್ತೆ ಕೇಳಬೇಕು. ಮೊದಲು ನೂರಕ್ಕೆ 60 ವೋಟು ಬೇಕಿತ್ತು. 2007ರಲ್ಲಿ ಸಂವಿಧಾನ ತಿದ್ದಿದ ಮೇಲೆ ಅರ್ಧಕ್ಕಿಂತ ಒಂದು ವೋಟು ಜಾಸ್ತಿ ಬಿದ್ದರೂ ಸಾಕು. ಹೊಸ ಕಟ್ಟಡಕ್ಕೆ ಸಾಲ ಎತ್ತುವುದಕ್ಕೆ ಮಾತ್ರ ಈಗಲೂ 60 ಬೇಕು.

ದುಡ್ಡೇನು ಕಡಿಮೆ ಅಲ್ಲ. ಮನೆ ಬೆಲೆಯ ಪ್ರತಿ ಸಾವಿರ ಡಾಲರಿಗೆ ಇಷ್ಟು ಅಂತ ಲೆಕ್ಕ. ಒಂದೂವರೆ ಡಾಲರ್ ಅಂತಿಟ್ಟುಕೊಂಡರೆ, 10 ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 1,500 ಡಾಲರ್ ಆಯಿತು. ಏಪ್ರಿಲ್‌ನಲ್ಲಿ ಅರ್ಧ, ಅಕ್ಟೋಬರಿನಲ್ಲಿ ಅರ್ಧ. ನಾನೂ ಕಟ್ಟುತ್ತೇನೆ. ಆದರೆ ವೀಸಾದಲ್ಲಿರುವ ನನಗೆ ವೋಟಿಲ್ಲ. ಕಟ್ಟುವುದಕ್ಕೆ ಬೇಕು, ಕೇಳುವುದಕ್ಕೆ ಬೇಡ, ಹೇಗಿದೆ ನೋಡಿ!

ಹಾಗಾಗಿ ಪುಟ್ಟಿಯ ಪಿಟೀಲು ಪಕ್ಕದ ಮನೆ ಅಜ್ಜನಂಥವರ ಕೈಯಲ್ಲಿದೆ. ಮಕ್ಕಳೆಲ್ಲ ದೂರ, ಬರುವುದು ಪಿಂಚಣಿ ಮಾತ್ರ. ಶಾಲೆ ಚೆನ್ನಾಗಿದ್ದರೆ ಮನೆ ಬೆಲೆ ಏರುತ್ತದೆ ಅಂತಾರೆ, ಏರಿದರೆ ನನಗೇನು ಲಾಭ, ನಾನು ಮಾರಿಕೊಂಡು ಹೋಗುತ್ತೇನಾ ಅಂತ ಅಜ್ಜ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದಾಯ ಕಡಿಮೆ ಇರುವ ವಯಸ್ಸಾದವರಿಗೆ ತೆರಿಗೆ ರಿಯಾಯಿತಿ ಇದೆ ಅಂತ ಹೇಳಿದೆ. ಅರ್ಜಿ ತುಂಬಿಸಿಕೊಡು ಅಂದರು. ಭಾನುವಾರ ಅವರ ಅಡುಗೆಮನೆಯಲ್ಲೇ ಕೂತು ತುಂಬಿಸಿದೆ. ಅಮ್ಮ ಕಳಿಸಿದ್ದ ಚಕ್ಕುಲಿ ನಾಲ್ಕು ಕೊಟ್ಟೆ. ಲಂಚ ಅಂದುಕೊಳ್ಳಬೇಡಿ, ಸುಮ್ನೆ ಕೊಟ್ಟೆ.

ಇಲ್ಲಿ ಮತಪತ್ರ ಅಂಚೆಯಲ್ಲೇ ಮನೆಗೆ ಬರುತ್ತದೆ. ಗುರುತು ಹಾಕಿ ಪೋಸ್ಟ್ ಮಾಡಿದರಾಯಿತು, ಸ್ಟಾಂಪೂ ಬೇಡ. ಮಂಗಳವಾರ ಕೊನೆಯ ದಿನ. ಅಜ್ಜನ ಕವರ್ ನಿನ್ನೆ ಸಂಜೆಯೂ ಅವರ ಟೇಬಲ್ ಮೇಲೇ ಇತ್ತು, ಚಕ್ಕುಲಿ ಡಬ್ಬಿಯ ಕೆಳಗೆ.

ನಿಮ್ಮ ಮಗ